ತೂಗದೆ ಕೊಳ್ಳುವ ತಾಲೀಮು

ಮಹಾರಾಷ್ಟ್ರದ ಗಡಿ ತಾಲ್ಲೂಕುಗಳಾದ ಉಮರ್ಗಾ, ನಿಲಂಗಾ, ಉದಗೀರದ ಹುಡುಗರಿಗೆ ಮೈಕಸುವಿನ ಹುಚ್ಚು ಹಿಡಿದದ್ದು ಇವತ್ತಿನ ಮಾತಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉದಗೀರ, ನಿಲಂಗಾ ಎರಡೂ ಬೀದರ್ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. ಉಮರ್ಗಾಕ್ಕೆ ಬಸವಕಲ್ಯಾಣ, ಆಳಂದ ಈಗಲೂ ನೆರೆಯೂರುಗಳೇ. ಗಡಿ ಎಲ್ಲಿ ಬಿದ್ದರೂ ಗರಡಿಯ ನಂಟು ಹರಿಯಲಿಲ್ಲ. ನಿಲಂಗಾ ತಾಲ್ಲೂಕಿನ ರಾಮಲಿಂಗ ಮುದಗಡದ ಹರಿಶ್ಚಂದ್ರ ಬಿರಾಜದಾರ 1969ರಲ್ಲಿ ಮಹಾರಾಷ್ಟ್ರ ಕೇಸರಿಯಾದರು, ಮುಂದೆ ರುಸ್ತುಂ-ಎ-ಹಿಂದ್ ಎನ್ನಿಸಿಕೊಂಡರು, ಆಮೇಲೆ ವಸ್ತಾದರಾಗಿ ಒಂದು ಪೀಳಿಗೆಯ ಪೈಲ್ವಾನರನ್ನು ತಯಾರು ಮಾಡಿದರು. ಆ ಪರಂಪರೆಯ ಬುನಾದಿ ದಂಡ, ಬಸ್ಕಿ ಮತ್ತು ಕೆಂಪು ಮಣ್ಣು. ಇವತ್ತು ಅದೇ ಊರುಗಳಲ್ಲಿ ಮಣ್ಣಿನ ಜೊತೆಗೆ ಕಬ್ಬಿಣವೂ ಬಂದಿದೆ. ತಗಡಿನ ಶೆಡ್ಡಿನಲ್ಲಿ, ಅಂಗಡಿ ಸಾಲಿನ ಮೇಲ್ಮಹಡಿಯಲ್ಲಿ ಜಿಮ್ಮುಗಳು ನಡೆಯುತ್ತಿವೆ. ಅಲ್ಲಿ ಹುಡುಗರು ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ ಒಂದೇ, ‘ಬೆಂಚ್ ಎಷ್ಟು ಹೊಡೀತೀ?’ ಬೆಂಚ್ ಪ್ರೆಸ್, ಅಂದರೆ ಬೆಂಚಿನ ಮೇಲೆ ಮಲಗಿ ಎದೆಯ ಮಟ್ಟದಿಂದ ಬಾರು ನೂಕಿ ಎತ್ತುವ ಭಾರದ ಮಾತು ಅದು. ಆ ಅಂಕಿ ಏರಿಸಿಕೊಡುತ್ತೇವೆಂದು ಹೇಳುವ ತಾಲೀಮಿನ ಪಟ್ಟಿಗಳಿಗೂ ಬರವಿಲ್ಲ. ಎಂಟು ವಾರದ್ದು, ಹನ್ನೆರಡು ವಾರದ್ದು, ರಷ್ಯದ್ದು, ಅಮೆರಿಕದ್ದು, ಮೊಬೈಲಿನಲ್ಲಿ ಬಂದದ್ದು, ಟ್ರೇನರ್ ಚೀಟಿಯಲ್ಲಿ ಬರೆದುಕೊಟ್ಟದ್ದು ಎಲ್ಲವೂ ಇವೆ. ಇವುಗಳಲ್ಲಿ ಯಾವುದು ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂದು ತೀರ್ಮಾನಿಸುವ ಕ್ರಮ ಮಾತ್ರ ಎಲ್ಲೂ ಕಾಣುವುದಿಲ್ಲ. ಆ ಕ್ರಮ ಬೇಕು, ಅದನ್ನು ಈ ಮೂರು ಊರುಗಳಲ್ಲೇ ಖರ್ಚಿಲ್ಲದೆ ಕಟ್ಟಬಹುದು ಎಂಬುದು ನನ್ನ ವಾದ.

ಉದಗೀರದ ಅಡತಿಯಲ್ಲಿ ಸೋಯಾಬೀನಿನ ಚೀಲ ಕಾಟಾದ ಮೇಲೆ ಏರದೆ ಯಾರೂ ದುಡ್ಡು ಎಣಿಸುವುದಿಲ್ಲ. ಮಾರುವವನ ಮುಖ ನೋಡಿ ತೂಕ ನಂಬುವ ಪದ್ಧತಿ ಅಲ್ಲಿಲ್ಲ. ಅದೇ ರೈತನ ಮಗ ಮೂರು ತಿಂಗಳ ಬೆವರು, ನಿದ್ದೆ, ಹಣ ಮೂರನ್ನೂ ಸುರಿಯುವ ತಾಲೀಮನ್ನು ಕೊಳ್ಳುವಾಗ ಮಾರುವವನ ತೋಳು ನೋಡಿ ನಂಬುತ್ತಾನೆ. ತಪ್ಪು ಹುಡುಗನದಲ್ಲ. ತೂಗುವುದು ಹೇಗೆಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಜಿಮ್ಮಿಗೆ ಬಂದ ಹೊಸಬನಿಗೆ ಮೊದಲ ತಿಂಗಳಲ್ಲೇ ಬೆಂಚ್ ಹತ್ತು ಕಿಲೋ ಏರಿದರೆ ಅವನು ಪಟ್ಟಿಯ ಗುಣ ಹಾಡುತ್ತಾನೆ. ಆದರೆ ಆ ಏರಿಕೆಯ ಬಹುಪಾಲು ಪಟ್ಟಿಯದ್ದಲ್ಲ. 1979ರಲ್ಲೇ ಮೊರಿತಾನಿ ಮತ್ತು ಡಿವ್ರೀಸ್ ಎಂಬ ಸಂಶೋಧಕರು ತೋರಿಸಿದಂತೆ, ಭಾರ ಎತ್ತಲು ಶುರು ಮಾಡಿದ ಮೊದಲ ಕೆಲವು ವಾರಗಳಲ್ಲಿ ಬಲ ಹೆಚ್ಚುವುದು ಮುಖ್ಯವಾಗಿ ನರಗಳ ಕಲಿಕೆಯಿಂದ. ಸ್ನಾಯು ದಪ್ಪವಾಗುವುದು ಆಮೇಲಿನ ಮಾತು. ಬಾರನ್ನು ಎಲ್ಲಿ ಹಿಡಿಯಬೇಕು, ಎದೆಯ ಯಾವ ಜಾಗಕ್ಕೆ ಇಳಿಸಬೇಕು, ಯಾವ ಸ್ನಾಯುವನ್ನು ಯಾವಾಗ ಬಿಗಿಯಬೇಕು ಎಂಬುದು ಮೈಗೆ ತಿಳಿಯುತ್ತ ಹೋದಂತೆ ಅಂಕಿ ತಾನಾಗಿ ಏರುತ್ತದೆ. ಯಾವ ಪಟ್ಟಿ ಹಿಡಿದಿದ್ದರೂ ಆ ಹುಡುಗನಿಗೆ ಆ ಏರಿಕೆ ಸಿಗುತ್ತಿತ್ತು. ಹಾಗಾಗಿ ಒಂದು ತಾಲೀಮಿನ ಯೋಗ್ಯತೆ ಕೇಳುವಾಗ ‘ಎಷ್ಟು ಏರಿತು’ ಎಂದಷ್ಟೇ ಕೇಳಿದರೆ ಸಾಲದು. ಬೇರೆ ಯಾವುದೇ ಸಾಧಾರಣ ತಾಲೀಮು ಮಾಡಿದ್ದರೆ ಎಷ್ಟು ಏರುತ್ತಿತ್ತು, ಅದಕ್ಕಿಂತ ಇದು ಎಷ್ಟು ಹೆಚ್ಚು ಕೊಟ್ಟಿತು ಎಂದು ಕೇಳಬೇಕು. ಈ ಹೋಲಿಕೆಯಿಲ್ಲದ ಹೊಗಳಿಕೆಗೂ ತೆಗಳಿಕೆಗೂ ಬೆಲೆಯಿಲ್ಲ.

ಹೋಲಿಸಿ ನೋಡುವ ಕೆಲಸ ಹೊಸದೇನಲ್ಲ. 1962ರಲ್ಲಿ ರಿಚರ್ಡ್ ಬರ್ಗರ್ ಎಂಬ ಅಮೆರಿಕದ ಸಂಶೋಧಕರು ಕಾಲೇಜು ಹುಡುಗರನ್ನು ಒಂಬತ್ತು ಗುಂಪು ಮಾಡಿದರು. ಒಂದು, ಎರಡು, ಮೂರು ಸೆಟ್‌ಗಳು; ಪ್ರತಿ ಸೆಟ್ಟಿಗೆ, ಅಂದರೆ ಬಿಡದೆ ಎತ್ತುವ ಒಂದು ಸರದಿಗೆ, ಎರಡು, ಆರು, ಹತ್ತು ರೆಪ್‌ಗಳು. ಇವುಗಳ ಒಂಬತ್ತು ಜೋಡಣೆಗಳಲ್ಲಿ ಒಂದೊಂದು ಗುಂಪಿಗೆ ಒಂದೊಂದು. ಎಲ್ಲರೂ ವಾರಕ್ಕೆ ಮೂರು ದಿನ, ಹನ್ನೆರಡು ವಾರ ಬೆಂಚ್ ಪ್ರೆಸ್ ಮಾಡಿದರು. ಒಮ್ಮೆಗೆ ಎತ್ತಬಲ್ಲ ಗರಿಷ್ಠ ಭಾರ ಹೆಚ್ಚು ಏರಿದ್ದು ಮೂರು ಸೆಟ್, ಆರು ರೆಪ್ ಮಾಡಿದ ಗುಂಪಿಗೆ. ಅರವತ್ತು ವರ್ಷ ದಾಟಿದ ಆ ಪ್ರಯೋಗದಲ್ಲಿ ನನಗೆ ಮುಖ್ಯವೆನಿಸುವುದು ಗೆದ್ದ ಜೋಡಣೆಗಿಂತ ಅದರ ಪ್ರಾಮಾಣಿಕತೆ. ಎಲ್ಲರಿಗೂ ಒಂದೇ ಅವಧಿ, ಒಂದೇ ಪರೀಕ್ಷೆ; ಬೇರೆಯಾದದ್ದು ಸೆಟ್, ರೆಪ್ಪುಗಳ ಜೋಡಣೆ ಮಾತ್ರ. ಇವತ್ತು ಮೊಬೈಲಿನಲ್ಲಿ ಬರುವ ಪಟ್ಟಿಯಲ್ಲಿ ಸೆಟ್, ರೆಪ್, ವಿಶ್ರಾಂತಿ, ಆಹಾರ, ಪುಡಿ, ಮಾತ್ರೆ ಎಲ್ಲವೂ ಒಟ್ಟಿಗೇ ಬದಲಾಗುತ್ತವೆ. ಕೊನೆಗೆ ಅಂಕಿ ಏರಿದರೆ ಯಾವುದರಿಂದ ಏರಿತೆಂದು ಹೇಳುವುದು ಬ್ರಹ್ಮನಿಗೂ ಸಾಧ್ಯವಿಲ್ಲ.

ಬರ್ಗರ್ ನಂತರ ಇಂಥ ಪ್ರಯೋಗಗಳು ನೂರಾರು ನಡೆದಿವೆ. ಅವುಗಳನ್ನು ಒಟ್ಟಿಗಿಟ್ಟು ನೋಡಿದರೆ ಕಾಣುವ ಚಿತ್ರ ಪಟ್ಟಿ ಮಾರುವವರಿಗೆ ಹಿತವಾಗಲಾರದು. ಗರಿಷ್ಠ ಬಲ ಬೇಕಾದರೆ ಹಗುರ ಭಾರಕ್ಕಿಂತ ಭಾರಿ ಭಾರ ಮೇಲು ಎಂಬುದನ್ನು 2017ರಲ್ಲಿ ಬ್ರಾಡ್ ಶೋನ್‌ಫೆಲ್ಡ್ ಮತ್ತು ಸಂಗಡಿಗರು 21 ಅಧ್ಯಯನಗಳನ್ನು ಒಗ್ಗೂಡಿಸಿ ತೋರಿಸಿದರು. ಸ್ನಾಯುವಿನ ಗಾತ್ರಕ್ಕಾದರೆ ಎರಡೂ ಹೆಚ್ಚುಕಡಿಮೆ ಸಮ. ಸೆಟ್ಟಿನ ನಡುವೆ ಒಂದು ನಿಮಿಷ ಕೂತವರಿಗಿಂತ ಮೂರು ನಿಮಿಷ ಕೂತವರಿಗೆ ಬೆಂಚ್ ಬಲ ಹೆಚ್ಚು ಬಂದದ್ದನ್ನು 2016ರ ಪ್ರಯೋಗವೊಂದು ತೋರಿಸಿತು. ಬೆಂಚಿಗಾಗಿ ಸಾಲು ನಿಂತ ಜಿಮ್ಮಿನಲ್ಲಿ ಮೂರು ನಿಮಿಷ ಕೂಡುವುದು ಕಷ್ಟವೇ, ಆದರೆ ಕೂಡುವವನು ಸೋಮಾರಿ ಎಂಬ ಬೈಗುಳಕ್ಕೆ ಆಧಾರವಿಲ್ಲ. ವಾರದ ಒಟ್ಟು ಕೆಲಸ ಸಮನಾಗಿದ್ದರೆ ಅದನ್ನು ಎರಡು ದಿನಕ್ಕೆ ಹಂಚಿದರೂ ನಾಲ್ಕು ದಿನಕ್ಕೆ ಹಂಚಿದರೂ ದೊಡ್ಡ ವ್ಯತ್ಯಾಸ ಬರುವುದಿಲ್ಲ. ಇನ್ನೊಂದು ಪ್ರಯೋಗ ಇನ್ನೂ ಅಚ್ಚರಿಯದು. 2019ರಲ್ಲಿ ಪ್ರಕಟವಾದ ಅದರಲ್ಲಿ ಆಗಲೇ ತಾಲೀಮು ಇದ್ದ 34 ಗಂಡಸರಲ್ಲಿ, ಎಂಟು ವಾರ, ವಾರಕ್ಕೆ ಮೂರು ದಿನ, ಪ್ರತಿ ವ್ಯಾಯಾಮವನ್ನು ಒಂದು ಗುಂಪು ಒಂದು ಸೆಟ್, ಇನ್ನೊಂದು ಮೂರು, ಮತ್ತೊಂದು ಐದು ಸೆಟ್ ಮಾಡಿತು. ಸ್ನಾಯು ಹೆಚ್ಚು ಬೆಳೆದದ್ದು ಐದು ಸೆಟ್‌ನವರಿಗೆ. ಬೆಂಚ್ ಬಲ ಮಾತ್ರ ಮೂರೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಸಮನೆ ಏರಿತು. ಒಂದು ಸೆಟ್‌ನವರ ದಿನದ ತಾಲೀಮು ಮುಗಿಯುತ್ತಿದ್ದದ್ದು ಸುಮಾರು 13 ನಿಮಿಷದಲ್ಲಿ. ಬಲಕ್ಕೂ ಗಾತ್ರಕ್ಕೂ ದಾರಿ ಬೇರೆ, ಅಳತೆಯೂ ಬೇರೆ. ಕನ್ನಡಿಯಲ್ಲಿ ಎದೆ ಅಗಲವಾಗಿ ಕಂಡದ್ದನ್ನು ಬಲಕ್ಕೆ ಸಾಕ್ಷಿಯಾಗಿ ತೆಗೆದುಕೊಳ್ಳಬಾರದು.

ಒಂದೇ ಅಧ್ಯಯನವನ್ನು ಹಿಡಿದು ಕುಣಿಯುವುದೂ ಅಪಾಯ. 2002ರಲ್ಲಿ ರೇ ಮತ್ತು ಸಂಗಡಿಗರು 20 ಗಂಡಸರ ಮೇಲೆ ಹನ್ನೆರಡು ವಾರದ ಪ್ರಯೋಗ ಮಾಡಿದರು. ವಾರದೊಳಗೆ ದಿನದಿನಕ್ಕೂ ಭಾರ ಮತ್ತು ರೆಪ್ ಬದಲಿಸಿದವರ ಬೆಂಚ್ ಶೇ 28ಕ್ಕೂ ಹೆಚ್ಚು ಏರಿತು. ವಾರಗಳು ಕಳೆದಂತೆ ನಿಧಾನವಾಗಿ ಭಾರ ಏರಿಸಿದವರದ್ದು ಅದರ ಅರ್ಧ, ಶೇ 14ರಷ್ಟು. ಈ ಅಂಕಿಗಳ ಬೆನ್ನ ಮೇಲೆ ಎಷ್ಟೋ ಪಟ್ಟಿಗಳು ಮಾರಾಟವಾದವು. ಆಮೇಲೆ ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ ಎರಡು ಕ್ರಮಗಳ ನಡುವಿನ ಅಂತರ ಬಹುತೇಕ ಕರಗಿಹೋಯಿತು. ಗುಂಪಿಗೆ ಹತ್ತೇ ಜನರಿದ್ದಾಗ ಇಬ್ಬರು ಮೂವರು ಅಸಾಧಾರಣವಾಗಿ ಏರಿದರೂ ಸರಾಸರಿ ತಿರುಗಿಬಿಡುತ್ತದೆ. ಪ್ರಯೋಗಾಲಯದಲ್ಲೇ ಹೀಗಾದರೆ, ಒಬ್ಬನೇ ಹುಡುಗನ ‘ಮೊದಲು ಹೀಗಿದ್ದೆ, ಈಗ ಹೀಗಾದೆ’ ಫೋಟೊಕ್ಕೆ ಎಷ್ಟು ಬೆಲೆ ಕೊಡಬೇಕು? 2005ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ 585 ಗಂಡಸರು, ಹೆಂಗಸರು ಹನ್ನೆರಡು ವಾರ ಒಂದೇ ತೋಳಿನ ತಾಲೀಮು ಮಾಡಿದರು. ಪಟ್ಟಿ ಎಲ್ಲರಿಗೂ ಒಂದೇ. ಫಲ ಮಾತ್ರ ಸೊನ್ನೆಯಿಂದ ಶೇ 250ರವರೆಗೆ ಚೆಲ್ಲಾಪಿಲ್ಲಿ. ಆ ಶೇ 250ರವನನ್ನು ಗೋಡೆಯ ಮೇಲೆ ಅಂಟಿಸಿದರೆ ಪಟ್ಟಿ ಚಿನ್ನವಾಗಿ ಕಾಣುತ್ತದೆ, ಸೊನ್ನೆಯವನನ್ನು ಅಂಟಿಸಿದರೆ ಮಣ್ಣಾಗಿ. ಜಿಮ್ಮಿನ ಗೋಡೆ ಯಾರನ್ನು ಅಂಟಿಸುತ್ತದೆಂದು ಹೇಳಬೇಕಾಗಿಲ್ಲ.

ಗೋಡೆಯ ಮೇಲಿನ ಮೈಯನ್ನು ನಂಬಬಾರದೆನ್ನಲು ಇನ್ನೂ ಗಂಭೀರವಾದ ಕಾರಣವಿದೆ. 1996ರಲ್ಲಿ ಶಲೇಂದರ್ ಭಸಿನ್ ಮತ್ತು ಸಂಗಡಿಗರು ಅಮೆರಿಕದಲ್ಲಿ 43 ಗಂಡಸರ ಮೇಲೆ ಹತ್ತು ವಾರದ ಪ್ರಯೋಗ ಮಾಡಿದರು. ಕೆಲವರಿಗೆ ವಾರಕ್ಕೆ 600 ಮಿಲಿಗ್ರಾಂ ಟೆಸ್ಟೊಸ್ಟಿರಾನ್ ಚುಚ್ಚುಮದ್ದು, ಕೆಲವರಿಗೆ ಬರಿಯ ಹುಸಿಮದ್ದು. ಎರಡರಲ್ಲೂ ಅರ್ಧ ಜನ ತಾಲೀಮು ಮಾಡಿದರು, ಅರ್ಧ ಜನ ಮಾಡಲಿಲ್ಲ. ಹುಸಿಮದ್ದು ತೆಗೆದುಕೊಂಡು ಬೆವರು ಹರಿಸಿದವರ ಬೆಂಚ್ ಸುಮಾರು ಹತ್ತು ಕಿಲೋ ಏರಿತು. ಟೆಸ್ಟೊಸ್ಟಿರಾನ್ ಚುಚ್ಚಿಸಿಕೊಂಡು ಯಾವ ತಾಲೀಮೂ ಮಾಡದೆ ಕೂತವರದ್ದು ಒಂಬತ್ತು ಕಿಲೋ ಏರಿತು. ಎರಡನ್ನೂ ಮಾಡಿದವರದ್ದು 22 ಕಿಲೋ. ಈ ಮೂರು ಅಂಕಿಗಳನ್ನು ಪ್ರತಿ ಜಿಮ್ಮಿನ ಬಾಗಿಲಲ್ಲಿ ಬರೆದು ಹಾಕಬೇಕೆಂದು ನನಗೆ ಅನ್ನಿಸುತ್ತದೆ. ಮದ್ದು ಬಳಸುವವನ ಪಟ್ಟಿಯನ್ನು ಮದ್ದಿಲ್ಲದ ಹುಡುಗ ಹಿಡಿದರೆ ಅರ್ಧ ಫಲವೂ ಬರುವುದಿಲ್ಲ. ಬಾರದಿದ್ದಾಗ ಅವನು ತನ್ನ ಮೈಯನ್ನು ಬೈದುಕೊಳ್ಳುತ್ತಾನೆ, ಇಲ್ಲವೇ ಮದ್ದು ಹುಡುಕಿ ಹೊರಡುತ್ತಾನೆ. ಮಹಾರಾಷ್ಟ್ರದ ಹಲವು ಕಡೆ ಜಿಮ್ ಹುಡುಗರಿಗೆ ಮಾರುತ್ತಿದ್ದ ಮೆಫೆಂಟರ್ಮಿನ್ ಇಂಜೆಕ್ಷನ್ನುಗಳನ್ನು ಪೊಲೀಸರು ವಶಪಡಿಸಿಕೊಂಡ ಸುದ್ದಿಗಳನ್ನು ಓದಿದ್ದೇವೆ. ಅದು ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಕುಸಿದ ರಕ್ತದೊತ್ತಡ ಏರಿಸಲು ವೈದ್ಯರು ಕೊಡುವ ಔಷಧ. ಅದನ್ನು ಚುಚ್ಚಿಕೊಂಡು ಬೆಂಚಿನ ಮೇಲೆ ಮಲಗುವವನು ಹೃದಯವನ್ನು ಪಣಕ್ಕಿಡುತ್ತಾನೆ. ಇದು ಬರೀ ಶೋಕಿಯ ವಿಷಯವಲ್ಲ, ತಂದೆತಾಯಿ ಚಿಂತಿಸಬೇಕಾದ ವಿಷಯ.

ಖುರಾಕಿನ ಲೆಕ್ಕವೂ ಹೀಗೆಯೇ. 2018ರಲ್ಲಿ ಮಾರ್ಟನ್ ಮತ್ತು ಸಂಗಡಿಗರು 49 ಅಧ್ಯಯನಗಳ 1,863 ಜನರ ಫಲಿತಾಂಶ ಕೂಡಿಸಿ ನೋಡಿದರು. ತಾಲೀಮಿನಿಂದ ಗರಿಷ್ಠ ಬಲ ಸರಾಸರಿ 27 ಕಿಲೋ ಏರಿದ್ದರೆ, ಪ್ರೋಟೀನ್ ಪೂರಕ ಅದಕ್ಕೆ ಸೇರಿಸಿದ್ದು ಎರಡೂವರೆ ಕಿಲೋ. ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 1.6 ಗ್ರಾಂ ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. 60 ಕಿಲೋ ತೂಗುವ ಹುಡುಗನಿಗೆ ಅದು 96 ಗ್ರಾಂ. ಮುನ್ನೂರು ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ 30 ಗ್ರಾಂ, ನೂರು ಗ್ರಾಂ ತೊಗರಿಬೇಳೆಯಲ್ಲಿ 22, ಐವತ್ತು ಗ್ರಾಂ ಸೋಯಾ ತುಣುಕಿನಲ್ಲಿ 26, ಅರ್ಧ ಲೀಟರ್ ಹಾಲಿನಲ್ಲಿ 16, ಎರಡು ಮೊಟ್ಟೆಯಲ್ಲಿ 12. ಹೆಚ್ಚುಕಡಿಮೆ 106 ಗ್ರಾಂ ಆಯಿತು. ಸೋಯಾಬೀನು, ತೊಗರಿ ಬೆಳೆಯುವ ನೆಲದಲ್ಲಿ ಕೂತು ಡಬ್ಬಿಯ ಪುಡಿಗೆ ಸಾಲ ಮಾಡುವುದು ಕಂಡರೆ ಹೊಟ್ಟೆ ಉರಿಯುತ್ತದೆ. ಹಾಲು, ಮೊಟ್ಟೆ ಕೊಳ್ಳಲೂ ಆಗದ ಮನೆಗಳಿವೆ, ಅಲ್ಲಿಯ ಹುಡುಗನ ಬೆಂಚ್ ಏರದಿದ್ದರೆ ಪಟ್ಟಿಯನ್ನು ದೂರಿ ಫಲವಿಲ್ಲ. ಹುಡುಗ ತನ್ನ ತಾಲೀಮಿನ ಲೆಕ್ಕ ಬರೆದಿಡುವ ಪುಸ್ತಕವೊಂದು ಬೇಕು, ಅದರಲ್ಲಿ ಊಟದ ಕಲಮೂ ಇರಬೇಕೆನ್ನುವುದು ಇದಕ್ಕೇ.

ಇನ್ನು ಅಳತೆಗೆ ಬರೋಣ. ಬೆಂಚ್ ಪ್ರೆಸ್ ಅಳೆಯುವುದು ಸುಲಭವೆಂದು ಕಾಣುತ್ತದೆ, ಹಾಗಿಲ್ಲ. ಬಾರನ್ನು ಎದೆಯ ಮೇಲೆ ಕುಕ್ಕಿ ಪುಟಿಸಿ ಎತ್ತಿದರೆ, ಪೃಷ್ಠವನ್ನು ಬೆಂಚಿನಿಂದ ಮೇಲೆತ್ತಿದರೆ, ಪಕ್ಕದವನು ‘ನಿಂದೇ, ನಿಂದೇ’ ಎನ್ನುತ್ತ ಎರಡು ಬೆರಳು ಕೊಟ್ಟರೆ ಐದು, ಹತ್ತು ಕಿಲೋ ಪುಕ್ಕಟೆ ಸಿಗುತ್ತದೆ. ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಒಕ್ಕೂಟದ ನಿಯಮ ಇದಕ್ಕೆಲ್ಲ ಅವಕಾಶ ಕೊಡುವುದಿಲ್ಲ. ಬಾರು ಎದೆಯ ಮೇಲೆ ನಿಶ್ಚಲವಾಗಿ ನಿಲ್ಲಬೇಕು, ತೀರ್ಪುಗಾರ ‘ಪ್ರೆಸ್’ ಎಂದ ಮೇಲೆಯೇ ಎತ್ತಬೇಕು, ತಲೆ, ಭುಜ, ಪೃಷ್ಠ ಬೆಂಚಿಗೆ ಅಂಟಿರಬೇಕು, ಪಾದ ನೆಲಕ್ಕೆ ಊರಿರಬೇಕು, ತೋರುಬೆರಳುಗಳ ನಡುವಿನ ಹಿಡಿತ 81 ಸೆಂಟಿಮೀಟರ್ ಮೀರಬಾರದು. ಬೆನ್ನನ್ನು ಕಮಾನು ಮಾಡಿ ಬಾರಿನ ದಾರಿಯನ್ನೇ ಮೊಟಕುಗೊಳಿಸುವವರನ್ನು ತಡೆಯಲು 2023ರಿಂದ ಮೊಣಕೈ ಭುಜದ ಮಟ್ಟಕ್ಕೆ ಇಳಿಯಲೇಬೇಕೆಂಬ ನಿಯಮವನ್ನೂ ಸೇರಿಸಿದ್ದಾರೆ. ಮೂರು ಊರಿನ ಜಿಮ್ಮುಗಳು ಈ ಒಂದು ನಿಯಮಪಟ್ಟಿಯನ್ನು ಒಪ್ಪಿಕೊಂಡರೆ ಅರ್ಧ ಜಗಳ ಮುಗಿಯಿತು. ಇನ್ನರ್ಧ ಪ್ಲೇಟುಗಳದ್ದು. ಸ್ಥಳೀಯ ಎರಕದ ಪ್ಲೇಟಿನ ಮೇಲೆ 20 ಎಂದು ಬರೆದಿದ್ದ ಮಾತ್ರಕ್ಕೆ ಅದು ಇಪ್ಪತ್ತು ಕಿಲೋ ತೂಗುತ್ತದೆಂಬ ಖಾತ್ರಿಯಿಲ್ಲ. ಒಂದೂಕಾಲು ಕಿಲೋದ ಜೋಡಿ ಸೇರಿಸಿ ಎರಡೂವರೆ ಕಿಲೋ ಪ್ರಗತಿ ಬರೆದುಕೊಳ್ಳುವಾಗ ದೊಡ್ಡ ಪ್ಲೇಟೇ ಒಂದು ಕಿಲೋ ಹಗುರವಿದ್ದರೆ ಬರೆದದ್ದೆಲ್ಲ ನೀರಪಾಲು. ಒಂದು ಮಧ್ಯಾಹ್ನ ಎಲ್ಲ ಪ್ಲೇಟುಗಳನ್ನೂ ಬಾರನ್ನೂ ಮಾರ್ಕೆಟ್ ಯಾರ್ಡಿನ ಕಾಟಾಕ್ಕೆ ಹಾಕಿ ನಿಜವಾದ ತೂಕವನ್ನು ಬಿಳಿ ಬಣ್ಣದಲ್ಲಿ ಬರೆಯುವುದಕ್ಕೆ ಹೆಚ್ಚು ಖರ್ಚಿಲ್ಲ.

ಗರಿಷ್ಠ ಭಾರವನ್ನು ಎತ್ತಿಯೇ ತೋರಿಸಬೇಕೆಂಬ ಹಟವೂ ಬೇಡ. ಹೊಸಬರಲ್ಲಿ ಹೆಚ್ಚಿನ ಅಪಾಯ ಅಲ್ಲಿಯೇ. ಶುದ್ಧವಾಗಿ ಐದು ಸಲ ಎತ್ತಬಲ್ಲ ಭಾರ ಗೊತ್ತಾದರೆ ಸಾಕು. ಎಪ್ಲಿ ಸೂತ್ರ ಎಂದು ಹೆಸರಾದ ಲೆಕ್ಕದ ಪ್ರಕಾರ ರೆಪ್ಪಿನ ಸಂಖ್ಯೆಯನ್ನು ಮೂವತ್ತರಿಂದ ಭಾಗಿಸಿ, ಒಂದನ್ನು ಕೂಡಿಸಿ, ಭಾರದಿಂದ ಗುಣಿಸಬೇಕು. 60 ಕಿಲೋವನ್ನು ಐದು ಸಲ ಎತ್ತಿದವನ ಗರಿಷ್ಠ ಸುಮಾರು 70 ಕಿಲೋ. ಇದು ಅಂದಾಜೇ, ಆದರೆ ಪ್ರತಿ ಸಲ ಅದೇ ಅಂದಾಜು ಬಳಸಿದರೆ ಏರಿಳಿತ ತಿಳಿಯುತ್ತದೆ. ಶುರುವಿನಲ್ಲಿ ಬೇರೆ ಬೇರೆ ದಿನ ಎರಡು ಸಲ ಅಳೆಯಬೇಕು, ಏಕೆಂದರೆ ಎರಡನೆಯ ಸಲ ಅಭ್ಯಾಸದಿಂದಲೇ ಸ್ವಲ್ಪ ಏರುತ್ತದೆ. ಆಮೇಲೆ ಆರನೆಯ ವಾರ, ಹನ್ನೆರಡನೆಯ ವಾರ. ಜೊತೆಗೆ ಮೈತೂಕ, ನಿದ್ದೆ, ಊಟ, ಆ ವಾರದ ಹೊಲದ ಕೆಲಸ, ಭುಜದ ನೋವು. ಪುಸ್ತಕದಲ್ಲಿ ಇಷ್ಟು ಕಲಮು ಸಾಕು.

ಹೊಲದ ಕೆಲಸವನ್ನು ಬರೆಯಬೇಕೆನ್ನುವುದು ಸುಮ್ಮನೆ ಅಲ್ಲ. ಎಷ್ಟೋ ವಿದೇಶಿ ಪಟ್ಟಿಗಳು ತಾಲೀಮು ಬಿಟ್ಟರೆ ಬೇರೆ ಮೈಕೆಲಸವಿಲ್ಲದವನನ್ನು ಕಣ್ಣ ಮುಂದಿಟ್ಟುಕೊಂಡು ಹುಟ್ಟಿದಂತಿವೆ. ಸ್ಮೋಲೊವ್ ಜೂನಿಯರ್ ಎಂಬ ಪ್ರಸಿದ್ಧ ಪಟ್ಟಿಯನ್ನೇ ನೋಡಿ. ವಾರಕ್ಕೆ ನಾಲ್ಕು ದಿನ ಬೆಂಚ್. ಒಂದು ದಿನ ಆರು ಸೆಟ್ ಆರು ರೆಪ್, ಮರುಸಲ ಏಳು ಸೆಟ್ ಐದು, ಆಮೇಲೆ ಎಂಟು ಸೆಟ್ ನಾಲ್ಕು, ಕೊನೆಗೆ ಹತ್ತು ಸೆಟ್ ಮೂರು. ಭಾರ ಗರಿಷ್ಠದ ಶೇ 70ರಿಂದ ಶುರುವಾಗಿ ಶೇ 85ಕ್ಕೆ ಏರುತ್ತದೆ. ಒಟ್ಟು ವಾರಕ್ಕೆ 133 ರೆಪ್, ಮೂರು ವಾರ. ಹಗಲೆಲ್ಲ ಚೀಲ ಹೊರುವ ಹಮಾಲನ ಮಗನಿಗೆ, ಸೋಯಾಬೀನು ರಾಶಿಯ ಕಾಲದಲ್ಲಿ ರಾತ್ರಿಯೂ ಹೊಲದಲ್ಲಿ ಕಳೆಯುವವನಿಗೆ ಇದು ಭುಜ ಕಳೆದುಕೊಳ್ಳುವ ದಾರಿ. ಜೂನಿನಲ್ಲಿ ಬಿತ್ತನೆ, ಅಕ್ಟೋಬರಿನಲ್ಲಿ ರಾಶಿ, ಶ್ರಾವಣದಲ್ಲಿ ಹಲವರ ಮನೆಯಲ್ಲಿ ಮೊಟ್ಟೆ ಬಂದ್, ರಂಜಾನಿನಲ್ಲಿ ಹಗಲ ಉಪವಾಸ, ಏಪ್ರಿಲ್-ಮೇ ತಿಂಗಳಲ್ಲಿ ತಗಡಿನ ಕೆಳಗೆ 40 ಡಿಗ್ರಿ ದಾಟುವ ಸೆಕೆ. ಇಲ್ಲಿಯ ಪಂಚಾಂಗ ಇದು. ಇದರೊಳಗೆ ಕೂಡದ ಪಟ್ಟಿ ಎಷ್ಟೇ ವೈಜ್ಞಾನಿಕವಾಗಿದ್ದರೂ ಇಲ್ಲಿಗೆ ಯೋಗ್ಯವಲ್ಲ. ಹನ್ನೆರಡು ವಾರದ ಪರೀಕ್ಷೆಗೆ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಅನುಕೂಲ. ರಂಜಾನ್ ಅದರೊಳಗೆ ಬರುವ ವರ್ಷ ಅದನ್ನೂ ಪುಸ್ತಕದಲ್ಲಿ ಗುರುತು ಹಾಕಬೇಕು.

ತಾಲೀಮು ಯಾವ ಕೆಲಸಕ್ಕೆ ಎಂಬ ಪ್ರಶ್ನೆಯನ್ನೂ ಇಲ್ಲಿಯೇ ಕೇಳಿಬಿಡಬೇಕು. ಈ ಭಾಗದ ಎಷ್ಟೋ ಹುಡುಗರು ಜಿಮ್ಮಿಗೆ ಹೋಗುವುದು ಪೊಲೀಸ್ ಭರ್ತಿಯ ಕನಸಿನಿಂದ. ಮಹಾರಾಷ್ಟ್ರ ಪೊಲೀಸ್ ಶಿಪಾಯಿ ಭರ್ತಿಯ 50 ಅಂಕದ ಮೈದಾನ ಪರೀಕ್ಷೆಯಲ್ಲಿ ಗಂಡಸರಿಗೆ 1600 ಮೀಟರ್ ಓಟಕ್ಕೆ 20, 100 ಮೀಟರ್ ಓಟಕ್ಕೆ 15, ಗುಂಡು ಎಸೆತಕ್ಕೆ 15 ಅಂಕ. ಬೆಂಚ್ ಪ್ರೆಸ್ಸಿಗೆ ಒಂದೂ ಅಂಕವಿಲ್ಲ. ಗುಂಡು ಎಸೆತಕ್ಕೆ ಎದೆ-ತೋಳಿನ ನೂಕುಬಲ ಸಹಾಯ ಮಾಡುತ್ತದೆ, ನಿಜ. ಆದರೆ 35 ಅಂಕ ಕಾಲಿನಲ್ಲಿರುವಾಗ ವಾರಕ್ಕೆ ಐದು ದಿನ ಬೆಂಚಿನ ಮೇಲೆ ಮಲಗಿಸುವ ಪಟ್ಟಿ, ಅದು ಬೆಂಚನ್ನು ಎಷ್ಟೇ ಏರಿಸಲಿ, ಆ ಹುಡುಗನ ಪಾಲಿಗೆ ನಷ್ಟದ್ದು. ಕನಿಷ್ಠ ಎಷ್ಟು ತಾಲೀಮಿಗೆ ಬಲ ಬರುತ್ತದೆಂದು ಹಳೆಯ ಪ್ರಯೋಗಗಳನ್ನು ಜಾಲಾಡಿದ 2020ರ ವಿಮರ್ಶೆಯೊಂದು, ವಾರಕ್ಕೆ ಎರಡು ಮೂರು ದಿನ, ದಿನಕ್ಕೆ ಒಂದೇ ಗಟ್ಟಿ ಸೆಟ್ ಮಾಡಿದರೂ ಎಂಟರಿಂದ ಹನ್ನೆರಡು ವಾರದಲ್ಲಿ ಗಣನೀಯ ಬಲ ಬರುತ್ತದೆಂದು ಹೇಳಿದೆ. ಅದು ಅತ್ಯುತ್ತಮ ಫಲವಲ್ಲ. ಓಟಕ್ಕೆ ಕಾಲು ಉಳಿಸಿಕೊಳ್ಳಬೇಕಾದವನಿಗೆ ಅಷ್ಟು ಸಾಕು. ಇದಕ್ಕೆ ತದ್ವಿರುದ್ಧ ಉದಾಹರಣೆಯೂ ಇದೆ. ಪ್ಯಾರಾ ಪವರ್‌ಲಿಫ್ಟಿಂಗ್‌ನಲ್ಲಿ ಸ್ಪರ್ಧೆಯೇ ಬೆಂಚ್ ಪ್ರೆಸ್. ಕರ್ನಾಟಕದ ಫರ್ಮಾನ್ ಬಾಷಾ ಪೋಲಿಯೊ ಪೀಡಿತ ಕಾಲುಗಳೊಂದಿಗೆ ಅದೇ ಬೆಂಚಿನಿಂದ ಪ್ಯಾರಾಲಿಂಪಿಕ್ಸ್ ತಲುಪಿದರು, ಅರ್ಜುನ ಪ್ರಶಸ್ತಿ ಪಡೆದರು. ರಾಜಿಂದರ್ ಸಿಂಗ್ ರಹೇಲು 2004ರ ಅಥೆನ್ಸಿನಲ್ಲಿ ಕಂಚು ತಂದರು. ಅಂಥವರಿಗೆ ಎರಡೂವರೆ ಕಿಲೋ ಎಂದರೆ ಪದಕ. ನಮ್ಮ ಗಡಿ ತಾಲ್ಲೂಕುಗಳ ಅಂಗವಿಕಲ ಮಕ್ಕಳಿಗೆ ಈ ಬಾಗಿಲು ಇದೆಯೆಂದು ಹೇಳುವ ಜಿಮ್ಮುಗಳು ಬೇಕು.

ಆಕ್ಷೇಪಗಳು ಬರುತ್ತವೆ, ಬರಬೇಕು. ಮೊದಲನೆಯದು ವಸ್ತಾದರ ಕಡೆಯಿಂದ. ಮೂವತ್ತು ವರ್ಷ ಹುಡುಗರನ್ನು ತಿದ್ದಿದವರ ಕಣ್ಣಿಗಿಂತ ಅಮೆರಿಕದ ಎಂಟು ವಾರದ ಪ್ರಯೋಗ ದೊಡ್ಡದೇ? ಈ ಮಾತಿನಲ್ಲಿ ಹುರುಳಿದೆ. ನಾನು ಹೇಳಿದ ಹಲವು ಅಧ್ಯಯನಗಳು ಚಿಕ್ಕವು, ಕಡಿಮೆ ಅವಧಿಯವು, ಬಹುಪಾಲು ಗಂಡಸರ ಮೇಲಿನವು. ಒಬ್ಬ ಹುಡುಗನ ಮೊಣಕೈ ಎಲ್ಲಿ ಜಾರುತ್ತಿದೆಯೆಂದು ಯಾವ ಸರಾಸರಿಯೂ ಹೇಳಲಾರದು, ವಸ್ತಾದನ ಕಣ್ಣು ಹೇಳುತ್ತದೆ. ಆದರೆ ಆ ಕಣ್ಣಿಗೆ ಒಂದು ಮಿತಿಯಿದೆ. ಅದು ಉಳಿದವರನ್ನು ಕಾಣುತ್ತದೆ, ಬಿಟ್ಟುಹೋದವರನ್ನು ಕಾಣುವುದಿಲ್ಲ. ಭುಜ ನೋಯಿಸಿಕೊಂಡು ಮನೆಗೆ ಹೋದ ಹುಡುಗ ಗರಡಿಯ ನೆನಪಿನಲ್ಲಿ ಉಳಿಯುವುದಿಲ್ಲ. ಕೆಲವು ವಿಷಯಗಳಲ್ಲಿ ಪ್ರಯೋಗ ಹಳಬರನ್ನೇ ಎತ್ತಿಹಿಡಿದಿದೆ. 2015ರಲ್ಲಿ ಸ್ಪೇನಿನ ಸಂಶೋಧಕರು ರಬ್ಬರ್ ಪಟ್ಟಿಯ ಎದುರುಸೆಳೆತ ಸೇರಿಸಿ ಮಾಡಿಸಿದ ಪುಷ್‌ಅಪ್, ಸ್ನಾಯುವಿನ ಮೇಲೆ ಅಷ್ಟೇ ಹೊರೆ ಹಾಕುವ ಬೆಂಚ್ ಪ್ರೆಸ್ಸಿನಷ್ಟೇ ಬಲ ಕೊಟ್ಟದ್ದನ್ನು ಐದು ವಾರದ ಪ್ರಯೋಗದಲ್ಲಿ ಕಂಡರು. ದಂಡ ಹೊಡೆಯುವವನು ಹಳೇಕಾಲದವನು ಎಂದು ನಗುವವರು ಇದನ್ನು ನೋಡಬೇಕು. ಬೆನ್ನ ಮೇಲೆ ಭಾರ ಏರಿಸುತ್ತ ಹೋದರೆ ದಂಡವೂ ನೂಕುಬಲ ಬೆಳೆಸುತ್ತದೆ. ಸಂಖ್ಯೆಯನ್ನಷ್ಟೇ ಏರಿಸಿದರೆ ಬೆಳೆಯುವುದು ಮುಖ್ಯವಾಗಿ ದಮ್ಮು. ಉಮರ್ಗಾದ ಒಂದು ಗರಡಿ ಅರ್ಧ ಹುಡುಗರಿಗೆ ಭಾರ ಹೇರಿದ ದಂಡ, ಅರ್ಧ ಹುಡುಗರಿಗೆ ಬೆಂಚ್ ಕೊಟ್ಟು ಹನ್ನೆರಡು ವಾರ ನೋಡಿದರೆ ಅದರಿಂದ ಕಲಿಯುವುದು ಬೇಕಾದಷ್ಟಿದೆ.

ಇನ್ನೊಂದು ಆಕ್ಷೇಪ, ಮೈ ಒಬ್ಬೊಬ್ಬರದ್ದು ಒಂದೊಂದು ಥರ, ಹೋಲಿಸಿ ಏನು ಮಾಡುತ್ತೀರಿ ಎಂಬುದು. 585 ಜನರ ಅಧ್ಯಯನ ತೋರಿಸಿದ್ದೂ ಅದನ್ನೇ. ಅದಕ್ಕೇ ಒಬ್ಬೊಬ್ಬರದ್ದೂ ಬರೆದಿಡಬೇಕು. ಹನ್ನೆರಡು ವಾರದಲ್ಲಿ ತನಗೆ ಏನೂ ಕೊಡದ ಪಟ್ಟಿಯನ್ನು ಬಿಡಲು ಹುಡುಗನಿಗೆ ಧೈರ್ಯ ಬರುವುದು ಅಂಕಿ ಕಣ್ಣೆದುರು ಇದ್ದಾಗ. ಇಲ್ಲದಿದ್ದರೆ ‘ಇನ್ನೂ ಒಂದು ತಿಂಗಳು ನೋಡು’ ಎಂಬ ಮಾತಿಗೆ ವರ್ಷ ಕಳೆಯುತ್ತದೆ. ವ್ಯಾಯಾಮ ಯಾವುದಾದರೂ ಒಳ್ಳೆಯದೇ, ಇಷ್ಟು ಕೊಸರಾಡುವುದು ಏಕೆ ಎನ್ನುವವರೂ ಇದ್ದಾರೆ. ಹುಡುಗರು ಬೀದಿಯಲ್ಲಿ ಕಾಲ ಕಳೆಯುವುದಕ್ಕಿಂತ ಜಿಮ್ಮಿನಲ್ಲಿರುವುದು ಮೇಲು, ಇದರಲ್ಲಿ ಎರಡು ಮಾತಿಲ್ಲ. ಆದರೆ ಬಾರು ಎದೆಯ ಮೇಲೆ ಬಿದ್ದರೆ ಪ್ರಾಣವೇ ಹೋಗಬಹುದು. ಹೆಬ್ಬೆರಳು ಸುತ್ತದೆ ಬಾರು ಹಿಡಿಯುವುದು, ಯಾರೂ ಕಾವಲಿಲ್ಲದೆ ಗರಿಷ್ಠ ಭಾರಕ್ಕೆ ಕೈಹಾಕುವುದು, ಒಬ್ಬನೇ ಇರುವಾಗ ಬಾರಿಗೆ ಕ್ಲಿಪ್ಪು ಬಿಗಿದು ಪ್ಲೇಟು ಓರೆ ಮಾಡಿ ಜಾರಿಸುವ ದಾರಿಯನ್ನೂ ಮುಚ್ಚಿಕೊಳ್ಳುವುದು, ಇವು ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲ. ಪಟ್ಟಿಯ ಯೋಗ್ಯತೆ ಅಳೆಯುವಾಗ ಎಷ್ಟು ಕಿಲೋ ಏರಿತೋ ಅಷ್ಟೇ ಗಟ್ಟಿಯಾಗಿ ಎಷ್ಟು ಜನಕ್ಕೆ ನೋವಾಯಿತೆಂದೂ ಕೇಳಬೇಕು.

ಸಾಕ್ಷ್ಯಗಳೆಲ್ಲ ಒಂದು ಕಡೆಗೆ ವಾಲುತ್ತವೆ. ಗಟ್ಟಿ ಭಾರ, ವಾರಕ್ಕೆ ಎರಡು ಮೂರು ದಿನ, ಸಾಕಷ್ಟು ವಿಶ್ರಾಂತಿ, ಸಣ್ಣ ಸಣ್ಣ ಏರಿಕೆ, ಹೊಟ್ಟೆ ತುಂಬ ಊಟ. ಇಷ್ಟಿದ್ದರೆ ಪಟ್ಟಿಗೆ ಯಾರ ಹೆಸರಿದೆ ಎಂಬುದರಿಂದ ಬರುವ ವ್ಯತ್ಯಾಸ ಅಲ್ಪ. ಹಾಗಾಗಿ ದುಡ್ಡು ಕೊಡುವುದಾದರೆ ರಹಸ್ಯ ಪಟ್ಟಿಗಲ್ಲ, ತಲೆಯ ಹತ್ತಿರ ನಿಂತು ಬಾರು ಕಾಯುವ, ತಪ್ಪು ತಿದ್ದುವ, ಪುಸ್ತಕ ಬರೆಯುವ ಮನುಷ್ಯನಿಗೆ ಕೊಡಬೇಕು. ಮೂರು ಊರುಗಳಲ್ಲಿ ತಲಾ ಎರಡು ಜಿಮ್ಮು, ಒಂದು ಗರಡಿ ಸೇರಿದರೂ ಒಂದು ಚಳಿಗಾಲದಲ್ಲಿ ನೂರು ಹುಡುಗರ ಲೆಕ್ಕ ಸಿಗುತ್ತದೆ, ರೇ ಅವರ 20 ಜನರಿಗಿಂತ ಐದು ಪಟ್ಟು. ಚೀಟಿ ಎತ್ತಿ ಎರಡು ಗುಂಪು ಮಾಡಬೇಕು, ಇಷ್ಟ ಬಂದವರು ಇಷ್ಟ ಬಂದ ಕಡೆ ಹೋದರೆ ಹುಮ್ಮಸ್ಸಿನವರೆಲ್ಲ ಒಂದೇ ಕಡೆ ಸೇರುತ್ತಾರೆ. ಕೊನೆಯ ದಿನ ಅಳೆಯುವವನಿಗೆ ಯಾರು ಯಾವ ಗುಂಪೆಂದು ತಿಳಿದಿರಬಾರದು; ನಿಲಂಗಾದವರನ್ನು ಉದಗೀರದ ಟ್ರೇನರ್ ಅಳೆದರೆ ಅದೂ ಆಯಿತು. ಕಾಲೇಜುಗಳ ದೈಹಿಕ ಶಿಕ್ಷಣ ವಿಭಾಗದವರು ಮನಸ್ಸು ಮಾಡಿದರೆ ವಿದ್ಯಾರ್ಥಿನಿಯರ ಗುಂಪೊಂದನ್ನೂ ಸೇರಿಸಬಹುದು, ಏಕೆಂದರೆ ಹೆಣ್ಣುಮಕ್ಕಳ ಭರ್ತಿ ಪರೀಕ್ಷೆಯಲ್ಲೂ ಗುಂಡು ಎಸೆತವಿದೆ, ಅವರ ತಾಲೀಮಿನ ಲೆಕ್ಕ ಇಡುವವರು ಇನ್ನೂ ಕಡಿಮೆ. ಹನ್ನೆರಡು ವಾರದ ನಂತರ ಹಾಳೆಯನ್ನು ಬಾಗಿಲಿಗೆ ಅಂಟಿಸುವಾಗ ಹೆಚ್ಚು ಏರಿದ ಐವರನ್ನು ಮಾತ್ರ ಬರೆಯದೆ ಎಲ್ಲರ ಅಂಕಿಯನ್ನೂ, ಗುಂಪಿನ ಸರಾಸರಿಯನ್ನೂ ಬರೆಯಬೇಕು. ನಡುವೆ ಬಿಟ್ಟುಹೋದವರು ಎಷ್ಟು ಜನ, ಭುಜದ ನೋವಿಗೆ ಎಷ್ಟು, ಫೀ ಕಟ್ಟಲಾಗದೆ ಎಷ್ಟು, ಕಬ್ಬು ಕಡಿಯಲು ಹೋದವರು ಎಷ್ಟು ಎಂಬುದೂ ಅದೇ ಹಾಳೆಯಲ್ಲಿರಬೇಕು.